ಆಟದೊಳಗಿನ ಅಂಕಿತ

ಮೊನ್ನೆ ನನ್ನ ವಿದ್ಯಾರ್ಥಿಯೊಬ್ಬ ಮನೆಯಲ್ಲಿ ಆಡುವ ವಿಡಿಯೊ ಗೇಮ್ ಯಂತ್ರಗಳ ಚರಿತ್ರೆಯನ್ನು ಕುರಿತು ಪ್ರಬಂಧವೊಂದನ್ನು ಬರೆದು ತಂದ. ಬರೆವಣಿಗೆ ಅಚ್ಚುಕಟ್ಟಾಗಿಯೇ ಇತ್ತು. 1972ರಲ್ಲಿ ಮ್ಯಾಗ್ನವಾಕ್ಸ್ ಒಡಿಸ್ಸಿಯನ್ನು ತಂದಿತು. 1977ರಲ್ಲಿ ಅಟಾರಿ ತನ್ನ ಯಂತ್ರವನ್ನು ತಂದಿತು. 1983ರಲ್ಲಿ ಜಪಾನಿನ ನಿಂಟೆಂಡೊ ಫ್ಯಾಮಿಕಾಮನ್ನು ತಂದಿತು. 1994ರಲ್ಲಿ ಸೋನಿ ಪ್ಲೇಸ್ಟೇಷನ್ನನ್ನು ತಂದಿತು. ಕಾಗದದ ತುಂಬ 'ತಂದಿತು' ಎಂಬ ಕ್ರಿಯಾಪದವೇ. ಐದು ಪುಟಗಳಲ್ಲಿ ಒಬ್ಬ ಮನುಷ್ಯನ ಹೆಸರೂ ಇರಲಿಲ್ಲ. "ಇದನ್ನೆಲ್ಲ ಮಾಡಿದವರು ಯಾರಪ್ಪಾ?" ಎಂದು ಕೇಳಿದೆ. "ಕಂಪನಿಯವರು, ಸಾರ್" ಎಂದ.

ತಪ್ಪು ಹುಡುಗನದಲ್ಲ. ಈ ಚರಿತ್ರೆಯನ್ನು ಹೇಳುವ ರೂಢಿಯೇ ಅಂಥದು. 'ಕವಿರಾಜಮಾರ್ಗ'ದ ಕರ್ತೃ ನೃಪತುಂಗನೋ ಶ್ರೀವಿಜಯನೋ ಎಂದು ನಮ್ಮ ವಿದ್ವಾಂಸರು ದಶಕಗಳ ಕಾಲ ವಾದ ಮಾಡಿದರು. ಅರಸನ ಹೆಸರು ಕಂಡೊಡನೆ ಸುಮ್ಮನಾಗಲಿಲ್ಲ. ಅದಾದರೋ ಸಾವಿರ ವರ್ಷ ಮೀರಿದ ಗ್ರಂಥ. ಹುಟ್ಟಿ ಅರ್ಧ ಶತಮಾನವಷ್ಟೇ ಕಳೆದಿರುವ ಈ ಕಲೆಯಲ್ಲಿ, ಕೆಲವು ಕರ್ತೃಗಳು ಇನ್ನೂ ಬದುಕಿರುವಾಗಲೇ ಅವರ ಹೆಸರು ಅಳಿಸಿಹೋಗುವುದೆಂದರೇನು?

ಒಡಿಸ್ಸಿಯನ್ನೇ ನೋಡೋಣ. ಯೆಹೂದ್ಯ ಮನೆತನದ ರಾಲ್ಫ್ ಬೇರ್ ಅವರು ನಾಜಿಗಳ ಕಾಟಕ್ಕೆ 1938ರಲ್ಲಿ ಜರ್ಮನಿಯನ್ನು ಬಿಟ್ಟು ಅಮೆರಿಕವನ್ನು ಸೇರಿದವರು. ಸೈನ್ಯಕ್ಕೆ ಬೇಕಾದ ಉಪಕರಣಗಳನ್ನು ಮಾಡುತ್ತಿದ್ದ ಸಂಸ್ಥೆಯಲ್ಲಿ ಎಂಜಿನಿಯರಾಗಿದ್ದ ಅವರಿಗೆ, 1966ರಲ್ಲಿ ನ್ಯೂಯಾರ್ಕಿನ ಬಸ್ ನಿಲ್ದಾಣವೊಂದರ ಬಳಿ ಸಹೋದ್ಯೋಗಿಗಾಗಿ ಕಾಯುತ್ತಿದ್ದಾಗ, ಟೆಲಿವಿಷನ್ನಿನಲ್ಲಿ ನೋಡುವುದಷ್ಟೇ ಏಕೆ, ಆಡಲೂ ಬಾರದೇಕೆ ಎಂಬ ಯೋಚನೆ ಹೊಳೆಯಿತು. ಮರುದಿನ ನಾಲ್ಕು ಪುಟಗಳ ಟಿಪ್ಪಣಿಯನ್ನು ಬರೆದಿಟ್ಟರು. ಬಿಲ್ ಹ್ಯಾರಿಸನ್, ಬಿಲ್ ರಷ್ ಎಂಬಿಬ್ಬರು ಜತೆಗೂಡಿದರು. ಅವರ ಕೆಲಸದ ಫಲವೇ ಒಡಿಸ್ಸಿ. ಅದರಲ್ಲಿ ಸದ್ದಿಲ್ಲ, ಅಂಕಗಳ ಎಣಿಕೆಯಿಲ್ಲ. ಬಣ್ಣದ ತೆಳು ಹಾಳೆಯೊಂದನ್ನು ಟೆಲಿವಿಷನ್ನಿನ ಗಾಜಿಗೆ ಅಂಟಿಸಿದರೆ ಅದೇ ಟೆನಿಸ್ ಅಂಗಳ. ಇನ್ನೊಂದನ್ನು ಅಂಟಿಸಿದರೆ ಅದೇ ದೆವ್ವದ ಮನೆ. ಉಳಿದದ್ದು ಆಡುವವರ ಕಲ್ಪನೆಗೆ ಬಿಟ್ಟದ್ದು. (ಕಾವ್ಯಕ್ಕೆ ಇದೇನೂ ಹೊಸತಲ್ಲ.)

1976ರಲ್ಲಿ ಬಂದ ಫೇರ್‌ಚೈಲ್ಡ್ ಚಾನೆಲ್ ಎಫ್ ಯಂತ್ರವಂತೂ ಆಟವನ್ನು ಪೆಟ್ಟಿಗೆಯಿಂದ ಬೇರ್ಪಡಿಸಿ, ಬೇಕಾದಾಗ ಚುಚ್ಚಿ ಬೇಡವಾದಾಗ ತೆಗೆಯಬಹುದಾದ ಕಾರ್ಟ್ರಿಜ್ಜಿಗೆ ತುಂಬಿತು. ಕಲ್ಪನೆ ವ್ಯಾಲೇಸ್ ಕಿರ್ಷ್ನರ್ ಮತ್ತು ಲಾರೆನ್ಸ್ ಹಸ್ಕೆಲ್ ಅವರದು; ಅದನ್ನು ಮನೆಮನೆಗೆ ಒಯ್ಯಬಲ್ಲ ವಸ್ತುವಾಗಿಸಿದ ತಂಡದ ನಾಯಕ ಜೆರ್ರಿ ಲಾಸನ್ ಎಂಬ ಕರಿಯ ಎಂಜಿನಿಯರ್. ಅಲ್ಲಿಂದ ಮುಂದೆ ಕಪಾಟು ಒಂದು, ಪುಸ್ತಕಗಳು ಹಲವು ಎಂಬಂತಾಯಿತು. ಪುಸ್ತಕವಿದ್ದ ಮೇಲೆ ಬರೆದವನೊಬ್ಬ ಇರಲೇಬೇಕಷ್ಟೆ. ಅಟಾರಿಯ ಒಡೆಯರಿಗೆ ಈ ಮಾತು ರುಚಿಸಲಿಲ್ಲ. ಆಟದ ಹೊದಿಕೆಯ ಮೇಲೆ ಸಂಸ್ಥೆಯ ಹೆಸರೊಂದೇ.

ವಾರೆನ್ ರಾಬಿನೆಟ್ ಎಂಬ ತರುಣ ಆಗ ಅಲ್ಲಿ 'ಅಡ್ವೆಂಚರ್' ಎಂಬ ಆಟವನ್ನು ರಚಿಸುತ್ತಿದ್ದರು. ನಾಲ್ಕೇ ಕಿಲೋಬೈಟುಗಳಲ್ಲಿ ಕೋಟೆಗಳು, ಮೂರು ಘಟಸರ್ಪಗಳು, ಚಕ್ರವ್ಯೂಹದಂಥ ದಾರಿಗಳು. ಚಿತ್ರ, ಕಥೆ, ನಿಯಮ ಎಲ್ಲವೂ ಒಬ್ಬರದೇ ಕೈಕೆಲಸ. ಆದರೂ ಹೆಸರಿಲ್ಲ, ಗೌರವಧನವಿಲ್ಲ, ತಿಂಗಳ ಸಂಬಳವೊಂದೇ. ಅವರು ಯಾರಿಗೂ ಹೇಳದೆ ಆಟದೊಳಗೆ ಗುಪ್ತ ಕೋಣೆಯೊಂದನ್ನು ಕಟ್ಟಿದರು. ಕಣ್ಣಿಗೆ ಬೀಳದಷ್ಟು ಚಿಕ್ಕದಾದ ಬೂದು ಚುಕ್ಕೆಯನ್ನು ಹುಡುಕಿ ತಂದವನಿಗೆ ಮಾತ್ರ ಅಲ್ಲಿಗೆ ದಾರಿ. ಒಳಗೆ ಹೋದರೆ, ಇದನ್ನು ರಚಿಸಿದವನು ವಾರೆನ್ ರಾಬಿನೆಟ್ ಎಂಬ ಒಕ್ಕಣೆ. ವಚನಕಾರರು ತಮ್ಮ ಹೆಸರನ್ನು ಮರೆಮಾಡಿ ಇಷ್ಟದೈವದ ಅಂಕಿತವನ್ನಿಟ್ಟರು. ಅದು ಅವರು ತಾವಾಗಿ ಒಲಿದು ಮಾಡಿದ್ದು. ಈತ ತನ್ನ ಹೆಸರನ್ನು ಕಳ್ಳತನದಿಂದ ಇಡಬೇಕಾಯಿತು. ಹೀಗೆ ಮಾಡಿದವರು ಅವರೊಬ್ಬರೇ ಅಲ್ಲವೆಂಬುದೂ ಅನಂತರ ತಿಳಿದುಬಂದಿದೆ.

ಆಟವು 1980ರಲ್ಲಿ ಮಾರುಕಟ್ಟೆಗೆ ಬರುವ ಹೊತ್ತಿಗೆ ರಾಬಿನೆಟ್ ಕೆಲಸ ಬಿಟ್ಟಾಗಿತ್ತು. ಸಾಲ್ಟ್ ಲೇಕ್ ಸಿಟಿಯ ಹದಿನೈದರ ಹುಡುಗನೊಬ್ಬ ಕೋಣೆಯನ್ನು ಕಂಡುಹಿಡಿದು ಕಾಗದ ಬರೆದಾಗಲೇ ಸಂಸ್ಥೆಗೆ ಗೊತ್ತಾದದ್ದು. ಕಿತ್ತುಹಾಕಲು ವೆಚ್ಚ ಹೆಚ್ಚು. ಆದಕಾರಣ ಉಳಿಸಿಕೊಂಡು, ಮಕ್ಕಳು ಹುಡುಕಿ ನಲಿಯುವ ಈಸ್ಟರ್ ಹಬ್ಬದ ಮೊಟ್ಟೆಯೆಂದು ಹೆಸರಿಟ್ಟರು. ನನಗೆ ಹಿಡಿಸದಿರುವುದು ಇದೇ. ನೊಂದವನ ದೂರನ್ನು ಗಿರಾಕಿಯ ಮನರಂಜನೆಯಾಗಿ ಮಾರಿಬಿಟ್ಟರು!

ಡೇವಿಡ್ ಕ್ರೇನ್, ಅಲನ್ ಮಿಲ್ಲರ್, ಬಾಬ್ ವೈಟ್‌ಹೆಡ್, ಲ್ಯಾರಿ ಕಾಪ್ಲನ್ ಎಂಬ ನಾಲ್ವರು ಬಚ್ಚಿಡುವ ಗೋಜಿಗೆ ಹೋಗಲಿಲ್ಲ. ಹೆಸರನ್ನೂ ಲಾಭದಲ್ಲಿ ಪಾಲನ್ನೂ ಕೇಳಿದರು. ಸಿಗದಿದ್ದಾಗ ಹೊರಬಂದು 1979ರಲ್ಲಿ ಆಕ್ಟಿವಿಷನ್ ಸಂಸ್ಥೆಯ ಸ್ಥಾಪನೆಗೆ ಕಾರಣರಾದರು. ಅಲ್ಲಿ ಕರ್ತೃವಿನ ಹೆಸರು ರಾಜಾರೋಷವಾಗಿ ಅಚ್ಚಾಯಿತು. 1982ರ 'ರಿವರ್ ರೇಡ್' ಆಟವನ್ನು ರಚಿಸಿದವರು ಕ್ಯಾರಲ್ ಶಾ ಎಂಬ ಮಹಿಳೆಯೆಂದು ಕೊಂಡವರಿಗೆ ತಿಳಿದದ್ದು ಹೀಗೆ.

ಹಣ ಹೂಡಿದ್ದು ಸಂಸ್ಥೆ, ನಷ್ಟದ ಹೊಣೆ ಹೊತ್ತದ್ದು ಸಂಸ್ಥೆ, ಹೆಸರೂ ಅದರದೇ ಇರಲಿ ಎನ್ನುವವರಿದ್ದಾರೆ. ಅರಿಕೇಸರಿಯ ಆಶ್ರಯವಿಲ್ಲದೆ 'ವಿಕ್ರಮಾರ್ಜುನವಿಜಯ'ವಿಲ್ಲ, ಒಪ್ಪಿದೆ. ಪಂಪ ತನ್ನ ದೊರೆಯನ್ನು ಅರ್ಜುನನೊಡನೆ ಒಂದು ಮಾಡಿಯೂ ಬಿಟ್ಟ. ಹಾಗೆಂದು ಅರಿಕೇಸರಿಯೇ ಕಾವ್ಯ ಬರೆದನೆಂದು ಪರೀಕ್ಷೆಯಲ್ಲಿ ಬರೆದವನಿಗೆ ನಾನು ಅಂಕ ಕೊಡಲಾರೆ. ಈಗ ಒಂದು ಆಟಕ್ಕೆ ನೂರಾರು ಜನ ದುಡಿಯುತ್ತಾರಲ್ಲ ಎಂದರೆ, ನೂರಾರು ಹೆಸರುಗಳನ್ನೂ ಕೊಡಲಿ, ಸಿನಿಮಾದವರು ಕೊಡುವುದಿಲ್ಲವೇ? ಇದೇನು ಹಳೆಯ ಕಾಲದ ಜಗಳವೂ ಅಲ್ಲ. 2021ರಲ್ಲಿ ನಿಂಟೆಂಡೊ ಯಂತ್ರಕ್ಕೆ ಬಂದ 'ಮೆಟ್ರಾಯ್ಡ್ ಡ್ರೆಡ್' ಆಟವನ್ನು ಸಿದ್ಧಪಡಿಸಿದ ಸ್ಪೇನಿನ ಸಂಸ್ಥೆಯು, ಒಟ್ಟು ಅವಧಿಯ ಕಾಲು ಭಾಗದಷ್ಟಾದರೂ ದುಡಿಯದವರ ಹೆಸರನ್ನು ಕೈಬಿಡುವುದು ತನ್ನ ನಿಯಮವೆಂದು ಹೇಳಿಕೊಂಡಿತು.

ಹುಡುಗ ಪ್ರಬಂಧವನ್ನು ತಿದ್ದಿ ಬರೆದು ತಂದಿದ್ದಾನೆ. ಈಗ ಏಳು ಪುಟ. ರಾಬಿನೆಟ್ಟರಿಗೇ ಒಂದು ಪುಟ ಮೀಸಲು. 'ನಿಂಟೆಂಡೊ ಫ್ಯಾಮಿಕಾಮನ್ನು ತಂದಿತು' ಎಂಬ ವಾಕ್ಯ ಮಾತ್ರ ಇದ್ದಲ್ಲಿಯೇ ಇದೆ. ಯಂತ್ರವನ್ನು ರೂಪಿಸಿದ ಮಸಾಯುಕಿ ಉಯೆಮುರಾ ಅವರ ಹೆಸರನ್ನು ಕೆಂಪು ಶಾಯಿಯಲ್ಲಿ ಅಂಚಿಗೆ ಬರೆದು ಹಿಂದಿರುಗಿಸಿದ್ದೇನೆ.