ಹಡಗು ಮತ್ತು ಹಗೇವು



ನಮ್ಮ ಝಳಕಿಗೆ ಸಮುದ್ರವು ಬಹು ದೂರ. ಸೊಲ್ಲಾಪುರ–ವಿಜಯಪುರ ಹೆದ್ದಾರಿಯಲ್ಲಿ ಹಗಲಿರುಳು ಸರಕು ಹೊತ್ತೋಡುವ ಲಾರಿಗಳನ್ನು ನಾವು ಬಲ್ಲೆವು. ಹಾಯಿ ಬಿಚ್ಚಿದ ಹಡಗನ್ನು ಕಂಡವರು ಈ ಬಯಲುಸೀಮೆಯಲ್ಲಿ ವಿರಳ. ಆದರೂ ಕಳೆದ ಬೇಸಿಗೆಯಲ್ಲಿ ನಮ್ಮ ಪಡಸಾಲೆಯಲ್ಲಿಯೇ ಹಡಗುಗಳು ಸಂಚರಿಸಿದವು. ರಜೆಗೆ ಬಂದ ಮೊಮ್ಮಗನು ಕಂಪ್ಯೂಟರಿನಲ್ಲಿ ಒಂದು ವ್ಯಾಪಾರದ ಆಟವನ್ನು ಆಡುತ್ತಿದ್ದನು.

ಮಠದ ಪಾಠಶಾಲೆಯಲ್ಲಿ ಬೆಳೆದ ನಮಗೆ ಇಂಥ ಆಟವೆಂದರೆ ಮೊದಲು ಬೇಸರವೇ. ಗದರಿಸುವ ಮುನ್ನ ನೋಡೋಣವೆಂದು ಪಕ್ಕದಲ್ಲಿ ಕುಳಿತೆವು. ಅದರ ಹೆಸರು ‘ಪ್ಯಾಟ್ರಿಷಿಯನ್’. ಈ ಮಾಲಿಕೆಯ ಮೊದಲ ಆಟವು 1992ರಲ್ಲಿ ಜರ್ಮನಿಯಲ್ಲಿ ಸಿದ್ಧವಾಯಿತಂತೆ. ಮಧ್ಯಯುಗದಲ್ಲಿ ಉತ್ತರ ಯುರೋಪಿನ ಪಟ್ಟಣಗಳು ಕೂಡಿ ಕಟ್ಟಿಕೊಂಡಿದ್ದ ‘ಹಾನ್ಸ’ ಎಂಬ ವರ್ತಕರ ಒಕ್ಕೂಟವೇ ಅದರ ವಸ್ತು. ಆಡುವವನು ಸಣ್ಣದೊಂದು ಹಡಗಿನಿಂದ ಆರಂಭಿಸಬೇಕು. ಧಾನ್ಯ, ಉಪ್ಪು, ಮೀನು, ಬಟ್ಟೆ, ಕಟ್ಟಿಗೆಗಳನ್ನು ಹೇರಳವಾಗಿರುವಲ್ಲಿ ಕೊಂಡು, ಕೊರತೆಯಿರುವಲ್ಲಿ ಮಾರಬೇಕು. ನಾವಿಕರ ಕೂಲಿ, ಕಡಲುಗಳ್ಳರ ಕಾಟ, ಕೋಠಿಯ ಖರ್ಚು ಎಲ್ಲವನ್ನೂ ಲೆಕ್ಕ ಹಿಡಿಯಬೇಕು. ಸಂಪತ್ತು, ಕೀರ್ತಿಗಳು ಬೆಳೆದಂತೆ ಪಟ್ಟಣದ ಮುಖ್ಯಸ್ಥನೂ ಆಗಬಹುದು. ಲೆಕ್ಕವನ್ನು ಕಲಿಸುವಲ್ಲಿ ಆಟವು ದಡ್ಡತನದ್ದಲ್ಲವೆಂದು ಒಪ್ಪಿಕೊಂಡೆವು.

ಹಾನ್ಸದ ಮುಖ್ಯ ಪಟ್ಟಣವಾದ ಲ್ಯೂಬೆಕ್ 1159ರಲ್ಲಿ ಹೊಸದಾಗಿ ನೆಲೆಗೊಂಡಿತು. ಆ ಇಸವಿಯನ್ನು ಕೇಳಿ ನಮ್ಮ ಮನವು ಕಲ್ಯಾಣಕ್ಕೆ ಹಾರಿತು. ಅದು ಬಿಜ್ಜಳನ ಕಾಲ; ಬಸವಣ್ಣನವರು ಭಂಡಾರದ ಹೊಣೆ ಹೊತ್ತ ಕಾಲ. ಆಗ ನಮ್ಮ ನಾಡಿನಲ್ಲಿ ವರ್ತಕರ ಒಕ್ಕೂಟವಿರಲಿಲ್ಲವೇ? ಇತ್ತು. ಮಲಪ್ರಭೆಯ ದಂಡೆಯ ಐಹೊಳೆಯ ಹೆಸರನ್ನು ಹೊತ್ತ ಅಯ್ಯಾವೊಳೆ ಐನೂರ್ವರು ಹಾನ್ಸಕ್ಕಿಂತ ಹಿರಿಯರು. ಅವರು ನೆಲದ ದಾರಿಯಲ್ಲಿಯೂ ಜಲದ ದಾರಿಯಲ್ಲಿಯೂ ದೇಶದೇಶಗಳನ್ನು ಹೊಕ್ಕವರೆಂದು ಶಿಕಾರಿಪುರದ ಶಾಸನವು ಕೊಂಡಾಡುತ್ತದೆ. ಆನೆ, ಕುದುರೆ, ಮುತ್ತು, ಮಾಣಿಕ್ಯ, ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿಗಳು ಅವರ ಸರಕು. ಸುಮಾತ್ರಾ ದ್ವೀಪದ ಬಾರೂಸ್ ಕರ್ಪೂರಕ್ಕೆ ಹೆಸರಾದ ಸ್ಥಳ. ಅಲ್ಲಿ ದೊರೆತ 1088ರ ತಮಿಳು ಶಾಸನದಲ್ಲಿ ಇದೇ ಐನೂರ್ವರ ಹೆಸರಿದೆ. ಹಡಗಿನವರು ಕಸ್ತೂರಿಯ ಬೆಲೆಗನುಸಾರವಾಗಿ ಚಿನ್ನದಲ್ಲಿ ಸುಂಕ ತೆರಬೇಕೆಂದು ಅದು ವಿಧಿಸುತ್ತದೆ. ಇದನ್ನು ಹೇಳಿದಾಗ ಮೊಮ್ಮಗನು ಆಟ ನಿಲ್ಲಿಸಿ ಕೇಳಿದನು. “ನಮ್ಮ ಐಹೊಳಿಯವರು ಹಡಗಿನ್ಯಾಗ ಹೋಗಿದ್ರೇನ್ರಿ ಅಜ್ಜಾ?” ಎಂದು ಅಚ್ಚರಿಪಟ್ಟನು.

ಇಷ್ಟಾದರೆ ಇದೊಂದು ಸಂತೋಷದ ಸಂಗತಿಯಾಗಿ ಮುಗಿಯುತ್ತಿತ್ತು. ಎರಡು ದಿನಗಳ ತರುವಾಯ ಸಂಜೆ ಅವನು ಚಪ್ಪಾಳೆ ತಟ್ಟಿದನು. “ಅಜ್ಜಾ, ನೋಡ್ರಿ! ಈ ಊರಾಗ ಧಾನ್ಯ ಮುಗದೈತಿ. ನನ್ನ ಕೋಠಿ ತುಂಬೈತಿ. ಇನ್ನೂ ನಾಕು ದಿನ ತಡದ್ರ ರೊಕ್ಕ ಜಗ್ಗಿ ಬರ್ತೈತಿ.”

ಮಗುವಿನ ಮುಖದಲ್ಲಿ ಕಪಟವಿರಲಿಲ್ಲ. ಆದರೆ ಆ ಮಾತು ನಮ್ಮನ್ನು 1972ರ ಬರಗಾಲಕ್ಕೆ ಒಯ್ದಿತು. ಆಗ ನಮಗೆ ಹನ್ನೆರಡು ವರ್ಷ. ತಂದೆಯವರ ಕೈ ಹಿಡಿದು ಜೋಳಕ್ಕಾಗಿ ಒಬ್ಬ ವರ್ತಕರ ಬಾಗಿಲಿಗೆ ಹೋಗಿದ್ದೆವು. “ಕಾಳು ಇಲ್ಲ” ಎಂದರು. ತಂದೆಯವರು ಮಾತಾಡದೆ ಹಿಂದಿರುಗಿದರು. ಮುಂದೆ ದರ ಏರಿದ ವಾರ ಅದೇ ಮನೆಯ ಹಗೇವಿನ ಬಾಯಿ ತೆರೆಯಿತು. ಆ ಜೋಳದ ನೆಲವಾಸನೆಯನ್ನು ನಾವು ಮರೆತಿಲ್ಲ. ಅವರ ಹೆಸರು ಇಲ್ಲಿ ಬೇಡ. ಅವರೂ ನಿತ್ಯ ವಿಭೂತಿ ಧರಿಸುತ್ತಿದ್ದ ಸಜ್ಜನರೇ.

ಇದನ್ನು ಮೊಮ್ಮಗನಿಗೆ ಹೇಳಿದೆವು. ಅವನು ಕೊಂಚ ಹೊತ್ತು ಸುಮ್ಮನಿದ್ದು, “ಹಂಗಾದ್ರ ಲಾಭ ಮಾಡಬಾರದೇನ್ರಿ?” ಎಂದನು. ಪ್ರಶ್ನೆ ಯೋಗ್ಯವಾದುದು. ಹಸಿದ ಊರಿಗೆ ಅಲೆಗಳನ್ನು ದಾಟಿ ಧಾನ್ಯ ತಂದವನು ಶ್ರಮ ಪಟ್ಟಿದ್ದಾನೆ, ಅಪಾಯ ಹೊತ್ತಿದ್ದಾನೆ. ಅವನು ಮಾರಿದಂತೆಲ್ಲ ಬೆಲೆ ಇಳಿಯುತ್ತದೆ. ಇದನ್ನು ಆ ಆಟವೇ ತೋರಿಸುತ್ತದೆ. ಅವನ ಲಾಭವು ಕಾಯಕದ ಫಲ. ಊರಿನಲ್ಲಿಯೇ ಧಾನ್ಯವಿಟ್ಟುಕೊಂಡು ಹಸಿವು ಹಣ್ಣಾಗಲೆಂದು ಕಾಯುವವನು ಏನನ್ನೂ ತಂದಿಲ್ಲ. ಒಬ್ಬನು ಕೊರತೆಯನ್ನು ತುಂಬುವನು, ಇನ್ನೊಬ್ಬನು ಕೊರತೆಯನ್ನು ಬೆಳೆಸುವನು. ಲೆಕ್ಕದ ಪುಸ್ತಕದಲ್ಲಿ ಇಬ್ಬರ ಲಾಭವೂ ಒಂದೇ ಸಾಲಿನಲ್ಲಿ ಕೂಡುತ್ತದೆ, ಅರಿವಿನಲ್ಲಿ ಕೂಡುವುದಿಲ್ಲ.

ಶರಣರು ವ್ಯಾಪಾರವನ್ನು ಹೀಗಳೆದವರಲ್ಲ. ಸೌರಾಷ್ಟ್ರದಿಂದ ಪುಲಿಗೆರೆಗೆ ಬಂದ ಆದಯ್ಯನವರು ವರ್ತಕರೇ. ಆದರೆ ಅಂದಿನ ಅಗತ್ಯಕ್ಕಿಂತ ಹೆಚ್ಚಿನ ಅಕ್ಕಿಯನ್ನು ಪತಿ ಮಾರಯ್ಯನವರು ತಂದಾಗ, ಅದನ್ನು ಇದ್ದಲ್ಲಿಯೇ ಸುರಿದು ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮನವರೂ ಅದೇ ಪರಂಪರೆಯವರು. ನಾವೆಲ್ಲರೂ ಲಕ್ಕಮ್ಮನವರಾಗಲಾರೆವು, ಆದರೆ ನಮ್ಮ ಕೋಠಿಯ ಮುಂದೆ ಅವರು ಬಂದು ನಿಂತಂತೆ ಒಮ್ಮೆ ಭಾವಿಸಬಹುದಲ್ಲ!

ಆಟದಲ್ಲಿ ಇನ್ನೊಂದು ಸಂಗತಿಯುಂಟು. ದೇವಾಲಯಕ್ಕೆ ಕಾಣಿಕೆ ಕೊಟ್ಟರೆ, ಊರಿಗೆ ಔತಣ ಹಾಕಿಸಿದರೆ ಆಡುವವನ ಕೀರ್ತಿ ಏರಿ ಅಧಿಕಾರಕ್ಕೆ ಹತ್ತಿರವಾಗುತ್ತಾನೆ. ನಮಗೆ ನಗು ಬಂತು, ಆಮೇಲೆ ನಾಚಿಕೆಯೂ ಬಂತು. ಕೊಟ್ಟವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವುದು ನಮ್ಮಲ್ಲಿ ಇಂದಿಗೂ ಉಂಟು. ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ ಎಂಬ ಭಾವವಿದ್ದರೆ ಅದು ದಾನ. ನೀಡುವವನೇ ದಾಸನಾದರೆ ದಾಸೋಹ. ಈ ಭೇದವನ್ನು ಯಂತ್ರವು ಎಣಿಸಲಾರದು. ಮನೆಯ ಹಿರಿಯರು ಹೇಳಿಕೊಡಬೇಕು.

ಆದ್ದರಿಂದ ತಾಯಂದಿರಲ್ಲಿಯೂ ತಂದೆಯಂದಿರಲ್ಲಿಯೂ ನಮ್ಮ ವಿನಂತಿ: ಮಕ್ಕಳ ಆಟಕ್ಕೆ ಹೊತ್ತಿನ ಮಿತಿ ಇರಲಿ, ಆದರೆ ವಾರಕ್ಕೊಮ್ಮೆಯಾದರೂ ಅವರ ಪಕ್ಕದಲ್ಲಿ ಕುಳಿತು ನೋಡಿರಿ. ಅವರು ಏನನ್ನು ಗೆಲುವೆಂದು ತಿಳಿಯುತ್ತಿರುವರೆಂಬುದು ಅಲ್ಲಿ ಕಾಣುತ್ತದೆ.

ಮರುದಿನ ಮೊಮ್ಮಗನು ಕೋಠಿಯ ಧಾನ್ಯವನ್ನೆಲ್ಲ ಆ ಊರಿನಲ್ಲಿ ಮಾರಿಬಿಟ್ಟಿದ್ದನು. “ಲಾಭ ಕಡಿಮಿ ಬಂತ್ರಿ ಅಜ್ಜಾ,” ಎಂದನು. “ಬರಲಿ ತಮ್ಮಾ,” ಎಂದೆವು. ಅವನ ಹಡಗು ಉಪ್ಪು ತರಲು ಮತ್ತೆ ಹೊರಟಿತ್ತು.