ಹಲ್ಲು ಎಣಿಸಿದ್ಯಾ ತಮಾ?

ನಮ್ಮ ಹಾಸ್ಟೆಲ್‌ನಲ್ಲಿ ರಾತ್ರಿ ಹನ್ನೊಂದರ ಮೇಲೆ ನಡೆಯೋ ಚರ್ಚೆಗಳಲ್ಲಿ ಅರ್ಧ ಗಾಡಿಗಳದ್ದೇ. ಯಾವ ಹಳೇ ಕಾರಿಗೆ ಯಾವುದರ ಸಸ್ಪೆನ್ಷನ್ ಕೂರುತ್ತೆ, ಯಾವುದರ ಹಿಂದಿನ ಆಕ್ಸೆಲ್ ಕಿತ್ತು ಯಾವುದಕ್ಕೆ ಹಾಕಬಹುದು ಅಂತ. ಎಲ್ಲ ಚರ್ಚೆ ಕೊನೆಗೆ ಒಂದೇ ವಾಕ್ಯಕ್ಕೆ ಬಂದು ನಿಲ್ಲುತ್ತೆ: "ಬೋಲ್ಟ್ ಆನ್ ಮಗಾ, ಏನೂ ತೊಂದ್ರೆ ಇಲ್ಲ." ಈ ವಾಕ್ಯದ ಬಗ್ಗೆ ನನಗೆ ತಕರಾರಿದೆ. ಯಾಕಂದ್ರೆ ಒಂದು ಸಲ ಅದನ್ನ ಹೇಳಿದವನು ನಾನೇ.

ನಮ್ಮೂರು ಹಾರವಾಡ. ಕಾರವಾರ ಮತ್ತು ಅಂಕೋಲಾ ನಡುವೆ, ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೆದ್ದಾರಿ 66. ಕೊಂಕಣ ರೈಲಿನ ಒಂದು ಸಣ್ಣ ಸ್ಟೇಷನ್ನೂ ಇದೆ. ನಮ್ಮ ಕಡೆ ಹಳೇ ಸ್ಪೋರ್ಟ್ಸ್ ಕಾರು ಎಲ್ಲಿಂದ ಬರಬೇಕು? ನಮ್ಮ ಮಾವನ ಹತ್ರ ಇರೋದು ಹಳೇ ಮಾರುತಿ ಜಿಪ್ಸಿ. ಆದ್ರೆ ಅದನ್ನ ಕಡಿಮೆ ಅಂದ್ಕೋಬೇಡಿ, ನಮ್ಮ ದೇಶದ ರ‍್ಯಾಲಿಗಳಲ್ಲಿ ವರ್ಷಗಟ್ಟಲೆ ಓಡಿದ ಗಾಡಿ ಅದು.

1985ರಲ್ಲಿ ಬಂದ ಮೊದಲ ಜಿಪ್ಸಿಗೆ 970 ಸಿಸಿ ಎಂಜಿನ್, ಚಕ್ರಗಳ ನಡುವಿನ ಅಗಲ ಕಡಿಮೆ. 1990ರ ದಶಕದಲ್ಲಿ ಅಗಲವಾದ ಮಾಡೆಲ್ ಬಂತು, ಸುಮಾರು 9 ಸೆಂಟಿಮೀಟರ್ ಹೆಚ್ಚು. ಆಮೇಲೆ 1.3 ಲೀಟರ್‌ನ ಜಿಪ್ಸಿ ಕಿಂಗ್. ಎಲ್ಲದಕ್ಕೂ ಹಿಂದೆ ಮುಂದೆ ಲೀಫ್ ಸ್ಪ್ರಿಂಗು, ಯು-ಬೋಲ್ಟು. ಹೊರಗಿಂದ ನೋಡಿದ್ರೆ ಎಲ್ಲ ಅಣ್ಣತಮ್ಮಂದಿರೇ. ಅದಕ್ಕೇ ಒಂದರ ಭಾಗ ಇನ್ನೊಂದಕ್ಕೆ ಹಾಕೋ ಆಸೆ ಬರೋದು.

ಉಪ್ಪು ಗಾಳಿಗೆ ಮಾವನ ಗಾಡಿಯ ಹಿಂದಿನ ಆಕ್ಸೆಲ್ ಹೌಸಿಂಗ್ ತುಕ್ಕು ಹಿಡಿದು ಎಣ್ಣೆ ಸೋರ್ತಾ ಇತ್ತು. ಗುಜರಿಯಲ್ಲಿ ಅಗಲ ಮಾಡೆಲ್‌ನ ಒಂದು ಆಕ್ಸೆಲ್ ಸಿಕ್ತು. ನಾನು ಆಗ ಫಸ್ಟ್ ಇಯರ್, ರಜೆಗೆ ಊರಿಗೆ ಬಂದಿದ್ದೆ. ಫೋನಲ್ಲಿ ನಾಲ್ಕು ವಿಡಿಯೋ ನೋಡಿ ಮಾವನಿಗೆ ಹೇಳಿದೆ, "ಡೈರೆಕ್ಟ್ ಕೂರುತ್ತೆ ಮಾವಾ, ಹಾಕ್ಸು." ಮೆಕ್ಯಾನಿಕ್ ಗಾಡಿ ಕೆಳಗಿಂದಲೇ ಕೇಳಿದ್ರು, "ಹಲ್ಲು ಎಣಿಸಿದ್ಯಾ ತಮಾ?" ನನಗೆ ಅರ್ಥ ಆಗಲಿಲ್ಲ. ಅರ್ಥ ಆಗಿಲ್ಲ ಅಂತ ಒಪ್ಪಿಕೊಳ್ಳೋಕೆ ನಾಚಿಕೆ. "ಎಲ್ಲ ಸೇಮ್" ಅಂದೆ. ಮಾವ ಹೆಮ್ಮೆಯಿಂದ ಅವರಿಗೆ ಹೇಳಿದ್ರು, "ಇವ ಇಂಜಿನಿಯರಿಂಗ್ ಓದ್ತಾ ಇದ್ದ, ಇವನಿಗೆ ಗೊತ್ತದೆ."

ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಗೇರ್ ರೇಶಿಯೋ ಸೂತ್ರ ನಿದ್ದೆಯಲ್ಲೂ ಹೇಳ್ತೇನೆ: ದೊಡ್ಡ ಗೇರಿನ ಹಲ್ಲು ಭಾಗಿಸು ಸಣ್ಣ ಗೇರಿನ ಹಲ್ಲು. ಅವರು ಕೇಳಿದ್ದೂ ಅದನ್ನೇ, ಕ್ರೌನ್ ಮತ್ತು ಪಿನಿಯನ್ ಹಲ್ಲುಗಳನ್ನ. ಪರೀಕ್ಷೆಯಲ್ಲಿ ಎರಡು ಮಾರ್ಕಿಗೆ ಬರೆದ ವಿಷಯ ಗ್ಯಾರೇಜಲ್ಲಿ ಕನ್ನಡದಲ್ಲಿ ಕೇಳಿದಾಗ ನನಗೆ ಗುರುತೇ ಸಿಗಲಿಲ್ಲ.

ಆಕ್ಸೆಲ್ ಚೆನ್ನಾಗೇ ಕೂತಿತು. ಗಾಡಿ ಮೊದಲಿಗಿಂತ ಹಗುರಾಗಿ ಓಡ್ತದೆ, ಎಂಜಿನ್ ಸದ್ದು ಕಡಿಮೆ ಆಗಿದೆ ಅಂತ ಮಾವ ಖುಷಿಪಟ್ರು. ಅದು ಖುಷಿಯ ವಿಷಯ ಅಲ್ಲ, ಸೂಚನೆ ಅಂತ ಈಗ ಗೊತ್ತಾಗ್ತಿದೆ.

ಲೆಕ್ಕ ನೋಡಿ. ಮುಂದಿನ ಆಕ್ಸೆಲ್‌ನಲ್ಲಿ 37 ಮತ್ತು 9 ಹಲ್ಲು ಇದ್ದರೆ ರೇಶಿಯೋ 4.11. ಹಿಂದೆ 41 ಮತ್ತು 11 ಇದ್ದರೆ 3.73. ಫೋರ್ ವೀಲ್ ಹಾಕಿದಾಗ ಎರಡೂ ಪ್ರೊಪೆಲ್ಲರ್ ಶಾಫ್ಟ್ ಒಂದೇ ವೇಗದಲ್ಲಿ ತಿರುಗ್ತವೆ, ಜಿಪ್ಸಿಗೆ ಮಧ್ಯದಲ್ಲಿ ಡಿಫರೆನ್ಷಿಯಲ್ ಇಲ್ಲ. ಶಾಫ್ಟ್ 1000 ಸುತ್ತು ತಿರುಗಿದ್ರೆ ಮುಂದಿನ ಚಕ್ರ 243 ಸುತ್ತು, ಹಿಂದಿನದು 268. ಟೈರಿನ ಸುತ್ತಳತೆ 2.1 ಮೀಟರ್ ಅಂದ್ರೆ ಮುಂದಿನ ಚಕ್ರ 510 ಮೀಟರ್ ಹೋಗಬೇಕು ಅನ್ನುತ್ತೆ, ಹಿಂದಿನದು 563. ಗಾಡಿ ಒಂದೇ, ರಸ್ತೆನೂ ಒಂದೇ. ಆ 53 ಮೀಟರ್ ಎಲ್ಲಿ ಹೋಗಬೇಕು? ಮರಳಿನಲ್ಲಿ ಟೈರು ಜಾರಿ ಹೇಗೋ ಸರಿಹೋಗುತ್ತೆ. ಡಾಂಬರಿನಲ್ಲಿ ಜಾರೋಕೆ ಜಾಗ ಇಲ್ಲ, ಆ ಒತ್ತಡವೆಲ್ಲ ಶಾಫ್ಟು, ಕ್ರಾಸು, ಗೇರುಗಳ ಮೇಲೆ. ಸ್ಪೀಡೋಮೀಟರ್ ಕೇಬಲ್ ಬರೋದು ಟ್ರಾನ್ಸ್‌ಫರ್ ಕೇಸಿಂದ, ಹಾಗಾಗಿ ಅದೂ ಸುಳ್ಳು ಹೇಳ್ತದೆ. 60 ತೋರಿಸಿದಾಗ ಗಾಡಿ ನಿಜವಾಗಿ 66ರಲ್ಲಿ ಇರುತ್ತೆ.

ಮೇ ತಿಂಗಳಲ್ಲಿ, ಮಳೆಗಾಲಕ್ಕೆ ಮುಂಚೆ, ದೋಣಿ ಮೇಲೆ ಎಳೆಯೋಕೆ ಮಾವ ಗಾಡಿಯನ್ನ ಮರಳಿಗೆ ಇಳಿಸಿದ್ರು. ಫೋರ್ ವೀಲ್ ಹಾಕಿ ಎಳೆದ್ರು, ಆರಾಮಾಗಿ ಬಂತು. ಲಿವರ್ ತೆಗೆಯೋದು ಮರೆತು ಹಾಗೇ ಹೆದ್ದಾರಿ ಹತ್ತಿದ್ರು. ಹಿಂದಿನ ಸೀಟಲ್ಲಿ ನನ್ನ ಚಿಕ್ಕ ತಂಗಿ, ಮಾವನ ಮಗಳು. ತಿರುವಿನಲ್ಲಿ ಕ್ರಾಸ್ ಮುರಿದು ಶಾಫ್ಟ್ ನೆಲಕ್ಕೆ ಬಡಿದು, ಗಾಡಿ ರಸ್ತೆಗೆ ಅಡ್ಡ ನಿಂತಿತು. ಹಿಂದೆ ಬರ್ತಿದ್ದ ಲಾರಿಯವರು ಬ್ರೇಕ್ ಹಾಕಿದ್ರು. ಯಾರಿಗೂ ಏನೂ ಆಗಲಿಲ್ಲ. ಆದ್ರೆ ತಂಗಿ ಆ ಗಾಡಿ ಹತ್ತೋಕೆ ಈಗಲೂ ಒಪ್ಪಲ್ಲ. ಮಾವ ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

ಹಾಗಂತ ಭಾಗ ಬದಲಿಸಲೇಬಾರದು ಅಂತ ನಾನು ಹೇಳ್ತಿಲ್ಲ. 1989ರಲ್ಲಿ ಬಂದ ಮಜ್ದಾ ಎಂಎಕ್ಸ್-5 ನೋಡಿ. ಮೊದಲ 1.6 ಲೀಟರ್ ಕಾರಿನ ಡಿಫರೆನ್ಷಿಯಲ್‌ನಲ್ಲಿ 6 ಇಂಚಿನ ಕ್ರೌನ್, ಹೆಚ್ಚು ಪವರ್ ಕೊಟ್ರೆ ತಡೆಯಲ್ಲ. ಆಮೇಲಿನ 1.8ರಲ್ಲಿ 7 ಇಂಚಿನದು. ಪ್ರಪಂಚದಾದ್ಯಂತ ಜನ ಇದನ್ನ ತೆಗೆದು ಅದಕ್ಕೆ ಹಾಕ್ತಾರೆ. ಆದ್ರೆ ಬರೀ ಡಿಫರೆನ್ಷಿಯಲ್ ಅಲ್ಲ, ಅದರ ಜೊತೆ ಎರಡು ಹಾಫ್ ಶಾಫ್ಟು, ಪ್ರೊಪೆಲ್ಲರ್ ಶಾಫ್ಟು ಸೇರಿ ಇಡೀ ಸೆಟ್ಟು. ರೇಶಿಯೋ 4.30ರಿಂದ 4.10ಕ್ಕೆ ಇಳಿಯುತ್ತೆ ಅಂತ ಮೊದಲೇ ಗೊತ್ತಿಟ್ಟುಕೊಂಡು ಮಾಡ್ತಾರೆ. ಅದು ಹಿಂದಿನ ಚಕ್ರದ ಕಾರು, ಮುಂದಿನ ಆಕ್ಸೆಲ್ ಜೊತೆ ಜಗಳ ಇಲ್ಲ. ಅದೇ ಬುದ್ಧಿ ಫೋರ್ ವೀಲ್ ಗಾಡಿಗೆ ಬಳಸಿದ್ದು ನನ್ನ ತಪ್ಪು.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರೋ ವಿವರ ತಯಾರಕರು ಕೊಟ್ಟಿದ್ದಕ್ಕಿಂತ ಬೇರೆ ಆಗೋ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನ ಗಟ್ಟಿಯಾಗಿ ಹೇಳಿತು. ನಮ್ಮಲ್ಲಿ ಹಲವರಿಗೆ ಈ ಕಾನೂನಿನ ಮೇಲೆ ಸಿಟ್ಟು. ನನಗೂ ಇತ್ತು. ಆದ್ರೆ "ನಮಗೆ ಗೊತ್ತು, ನಮ್ಮನ್ನ ನಂಬಿ" ಅಂತ ಕೇಳೋ ಮೊದಲು ನಮಗೆ ನಿಜವಾಗಿ ಗೊತ್ತಿರಬೇಕಲ್ವಾ? ಹಲ್ಲು ಎಣಿಸದವರು ಸ್ವಾತಂತ್ರ್ಯ ಕೇಳಿದ್ರೆ ಯಾರು ಕೊಡ್ತಾರೆ?

ಎಣಿಸೋದು ಕಷ್ಟವೂ ಅಲ್ಲ. ಎದುರು ಚಕ್ರಗಳಿಗೆ ಕಲ್ಲು ಕೊಟ್ಟು, ನ್ಯೂಟ್ರಲ್ ಮಾಡಿ, ಒಂದು ಹಿಂದಿನ ಚಕ್ರ ಮಾತ್ರ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಚಕ್ರಕ್ಕೂ ಶಾಫ್ಟಿಗೂ ಚಾಕ್‌ಪೀಸ್ ಗೆರೆ ಎಳೆದು, ಆ ಚಕ್ರ ಎರಡು ಸುತ್ತು ತಿರುಗಿಸಿ. ಶಾಫ್ಟ್ ನಾಲ್ಕು ಸುತ್ತಿನ ಮೇಲೆ ಸ್ವಲ್ಪ ತಿರುಗಿದ್ರೆ 4.11, ನಾಲ್ಕು ತುಂಬಲಿಲ್ಲ ಅಂದ್ರೆ 3.73. ಒಂದು ಚಕ್ರ ನಿಂತಿರೋದಕ್ಕೇ ಎರಡು ಸುತ್ತು ಬೇಕು, ಇದು ಡಿಫರೆನ್ಷಿಯಲ್ ಪಾಠದಲ್ಲೇ ಇದೆ. ನನಗೆ ಬೇಕಾಗಿದ್ದದ್ದು ಒಂದು ಚಾಕ್‌ಪೀಸು, ಐದು ನಿಮಿಷ.

ನಮ್ಮ ಲ್ಯಾಬಲ್ಲಿ ಬಣ್ಣ ಹೊಡೆದ ಕತ್ತರಿಸಿದ ಡಿಫರೆನ್ಷಿಯಲ್ ಒಂದಿದೆ. ನಾವೆಲ್ಲ ಅದರ ಚಿತ್ರ ಬರೆದಿದ್ದೇವೆ. ಹಲ್ಲು ಎಷ್ಟು ಅಂತ ಯಾರೂ ಎಣಿಸಿಲ್ಲ. ನನ್ನ ಬೇಡಿಕೆ ಸಣ್ಣದು. ಗುಜರಿಯಿಂದ ಎರಡು ಬೇರೆ ಬೇರೆ ಆಕ್ಸೆಲ್ ತಂದು ಟೇಬಲ್ ಮೇಲಿಡಿ. "ಇವೆರಡೂ ಒಂದೇ ಗಾಡಿಗೆ ಹಾಕಬಹುದಾ?" ಅಂತ ಕೇಳಿ. ಒಂದು ದಿನ ಯಾವುದಾದ್ರೂ ಗ್ಯಾರೇಜಿನವರನ್ನ ಕರೆಸಿ, ಅವರ ಮಾತಲ್ಲೇ ಹೇಳಿಸಿ. ಆಗ ಅವರ "ಹಲ್ಲು" ಮತ್ತು ನಮ್ಮ "ರೇಶಿಯೋ" ಒಂದೇ ಅಂತ ನಮಗೆ ಗಾಡಿ ಮುರಿಯೋ ಮೊದಲೇ ಗೊತ್ತಾಗ್ತದೆ.

ಮುಂದಿನ ರಜೆಗೆ ಮಾವನ ಗಾಡಿಗೆ ಸರಿಯಾದ ಆಕ್ಸೆಲ್ ಹುಡುಕಬೇಕು. ಈ ಸಲ ಗ್ಯಾರೇಜಿಗೆ ಹೋಗಿ ನಾನೇ ಮೊದಲು ಕೇಳ್ತೇನೆ, ಹಲ್ಲು ಎಷ್ಟು ಅಂತ.