ದಂಡ ಮೊದಲು ಯಾರಿಗೆ?

2024ರ ನವೆಂಬರದಲ್ಲಿ ನಮ್ಮ ಕಾಲೇಜಿನಲ್ಲಿ ಒಂದು ಚರ್ಚಾಕೂಟ ನಡೆಯಿತು. “ಮತದಾನವನ್ನು ಕಾಯದೆಯಿಂದ ಕಡ್ಡಾಯಗೊಳಿಸಬೇಕು” ಎಂಬುದು ವಿಷಯ. ನಾನು ಪರವಾಗಿ ಮಾತನಾಡಿದೆನು. ಆಸ್ಟ್ರೇಲಿಯಾ ದೇಶದ ದೃಷ್ಟಾಂತವನ್ನು ಸಭೆಯ ಮುಂದಿಟ್ಟೆನು. ಅಲ್ಲಿ 1922ರ ಚುನಾವಣೆಗೆ ನೂರಕ್ಕೆ 60 ಜನ ಮತದಾರರೂ ಬರಲಿಲ್ಲ. 1924ರಲ್ಲಿ ಕಡ್ಡಾಯದ ಕಾಯದೆಯಾಯಿತು. 1925ರಲ್ಲಿ ನೂರಕ್ಕೆ 91ಕ್ಕೂ ಮಿಕ್ಕಿ ಜನ ಬಂದರು. ಸಕಾರಣವಿಲ್ಲದೆ ತಪ್ಪಿಸಿದವರಿಗೆ ಇಂದಿಗೂ 20 ಡಾಲರ ದಂಡವಿದೆ. ಸಭೆ ಚಪ್ಪಾಳೆ ತಟ್ಟಿತು, ನನಗೆ ಬಹುಮಾನವೂ ಬಂದಿತು. ಆದರೆ ಆ ತಿಂಗಳು ಮುಗಿಯುವುದರೊಳಗೆ ನನ್ನ ವಾದ ನನಗೇ ಅರೆಬರೆಯಾಗಿ ತೋರಿತು. ಅದೇಕೆಂಬುದನ್ನು ವಾಚಕರಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ನಮ್ಮೂರು ಭೋಜ, ದೂಧಗಂಗಾ ವೇದಗಂಗಾ ನದಿಗಳು ಕೂಡುವ ಊರು. ಸುತ್ತಲೂ ಕಬ್ಬಿನ ಹೊಲ. ಹಂಗಾಮು ಬಂತೆಂದರೆ ಮಹಾರಾಷ್ಟ್ರದ ಬೀಡ ಜಿಲ್ಲೆಯ ಕಡೆಯಿಂದ ಕಬ್ಬು ಕಡಿಯುವವರು ನಮ್ಮ ಸೀಮೆಗೆ ಬರುತ್ತಾರೆ. ಗಂಡಹೆಂಡಿರ ಜೋಡಿಗೆ ಅವರಲ್ಲಿ “ಒಂದು ಕೊಯತಾ” ಎಂದೇ ಲೆಕ್ಕ. ಆ ನವೆಂಬರ 20ರಂದು ಮಹಾರಾಷ್ಟ್ರದ ವಿಧಾನಸಭೆಗೆ ಮತದಾನವಿತ್ತು. ಅಂದು ಸಂಜೆ ನಮ್ಮ ಹೊಲದಲ್ಲಿ ಸೂಡು ಕಟ್ಟುತ್ತಿದ್ದ ಒಬ್ಬ ಹೆಣ್ಣುಮಗಳನ್ನು, “ಅಕ್ಕಾ, ಮತ ಹಾಕಲು ಊರಿಗೆ ಹೋಗಲಿಲ್ಲವೇ?” ಎಂದು ಮರಾಠಿಯಲ್ಲಿ ಕೇಳಿದೆನು. ಅವಳು ಕೈ ನಿಲ್ಲಿಸದೆ ಹೇಳಿದಳು: “ಹೋಗಿ ಬರಲು ಮೂರು ದಿನ, ತಮ್ಮಾ. ಬಸ್ಸಿನ ಖರ್ಚು ಯಾರು ಕೊಡುವರು? ಮುಂಗಡ ಕೊಟ್ಟ ಮುಕಾದಮ ಬಿಟ್ಟಾನೆಯೆ? ನನಗೇನು ಮತ ಬೇಡವೆಂದಿದೆಯೇ?”

ನಾನು ನಿರುತ್ತರನಾದೆನು. ನಾನು ಸಭೆಯಲ್ಲಿ ಕೇಳಿದ ದಂಡ ಮೊದಲು ಬೀಳುವುದು ಇವಳ ಮೇಲೆ! ಸಕಾರಣವಿದ್ದರೆ ಮಾಫಿ ಎನ್ನಬಹುದು. ಆದರೆ ಆ ಕಾರಣವನ್ನು ಬರೆಯಿಸಿಕೊಂಡು ಕಚೇರಿಗೆ ಅಲೆಯಬೇಕಾದವಳೂ ಇವಳೇ.

ಆಗ ಆಸ್ಟ್ರೇಲಿಯಾದ ಸಂಗತಿಯನ್ನು ಮತ್ತೊಮ್ಮೆ ಓದಿದೆನು. ಅಲ್ಲಿಯ ಜನ ಸರಕಾರಕ್ಕೆ ಅಂಜಿ ಮತಗಟ್ಟೆಗೆ ಹೋಗುವವರಲ್ಲ. ಮೊದಲ ಮಹಾಯುದ್ಧದಲ್ಲಿ ಕಡ್ಡಾಯ ಸೈನ್ಯಸೇವೆಗಾಗಿ ಸರಕಾರವು 1916 ಮತ್ತು 1917ರಲ್ಲಿ ಅವರ ಒಪ್ಪಿಗೆ ಬೇಡಿತು. ಎರಡೂ ಸಲ ಬೇಡವೆಂದರು. 1951ರಲ್ಲಿ ಕಮ್ಯುನಿಸ್ಟ ಪಕ್ಷವನ್ನು ನಿಷೇಧಿಸುವ ಅಧಿಕಾರ ಬೇಡಿತು, ಅದನ್ನೂ ಕೊಡಲಿಲ್ಲ. ಸಂವಿಧಾನದ ತಿದ್ದುಪಡಿಗೆಂದು 2023ರ ವರೆಗೆ 45 ಪ್ರಶ್ನೆಗಳು ಅವರ ಮುಂದೆ ಬಂದವು. 8ಕ್ಕೆ ಮಾತ್ರ ಒಪ್ಪಿದರು. ಕರೆದಾಗ ಬರುವ ಜನರೇ ಒಳಗೆ ಹೋಗಿ ಸರಕಾರಕ್ಕೆ “ಇಲ್ಲ” ಎನ್ನುವರು. ಮತಗಟ್ಟೆಗೆ ಬರುವುದು ಕರ್ತವ್ಯ, ಚೀಟಿಯ ಮೇಲೆ ಬರೆಯುವುದು ತನ್ನಿಚ್ಛೆ ಎಂಬ ಭೇದವನ್ನು ಅವರು ಚೆನ್ನಾಗಿ ಬಲ್ಲರು. ಕಾರಣ, ಕಡ್ಡಾಯವು ಅವರಿಗೆ ಸಂಕೋಲೆಯಾಗಿ ತೋರಲಿಲ್ಲ.

ಇನ್ನೊಂದು ಮಾತು. ಅಲ್ಲಿಯ ಸರಕಾರ ಪ್ರಜೆಯನ್ನು ಕಟ್ಟಿದಂತೆ ತನ್ನನ್ನೂ ಕಟ್ಟಿಕೊಂಡಿದೆ. ಮತದಾನ ಶನಿವಾರ. ತನ್ನ ರಾಜ್ಯದ ಬೇರೆ ಊರಿನಲ್ಲಿದ್ದವನು ಅಲ್ಲಿಯ ಮತಗಟ್ಟೆಯಲ್ಲಿಯೇ ಮತ ಹಾಕಬಹುದು. ದೂರ ಹೋಗುವವನಿಗೆ ಅಂಚೆಯ ಮತವುಂಟು, ಮುಂಚಿತವಾಗಿ ಮತ ಹಾಕುವ ಸೌಕರ್ಯವುಂಟು. ನಮ್ಮಲ್ಲಿಯೂ ದೂರದಲ್ಲಿದ್ದವರು ಮತ ಹಾಕಲೆಂದು ಯಂತ್ರವೊಂದನ್ನು ಚುನಾವಣಾ ಆಯೋಗವು ಸಿದ್ಧಪಡಿಸಿ, ಅದನ್ನು ನೋಡಲು 2023ರ ಜನವರಿಯಲ್ಲಿ ಪಕ್ಷಗಳನ್ನು ಕರೆದಿತ್ತು. 2024ರ ಚುನಾವಣೆಗಳಲ್ಲಿ ಅದು ಬಳಕೆಗೆ ಬರಲಿಲ್ಲ.

ನಮ್ಮ ಜನ ಆಲಸಿಗಳೆಂದು ಹೇಳುವವರಿಗೆ ಒಂದು ಲೆಕ್ಕ ತೋರಿಸುವೆನು. 2024ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ಚಿಕ್ಕೋಡಿ ಕ್ಷೇತ್ರದಲ್ಲಿ ನೂರಕ್ಕೆ 78 ಜನ ಮತ ಹಾಕಿದರು. ಬೆಂಗಳೂರು ದಕ್ಷಿಣದಲ್ಲಿ ನೂರಕ್ಕೆ 53. ಮೇ ತಿಂಗಳ ಬಿಸಿಲಿನಲ್ಲಿ ನಮ್ಮ ಮುದುಕಿಯರನ್ನು ಸಾಲಿನಲ್ಲಿ ನಿಲ್ಲಿಸಿದುದು ಯಾವ ದಂಡವೂ ಅಲ್ಲ. ದಂಡವನ್ನು ವಿಧಿಸಿದರೆ ಪಟ್ಟಣದ ಸಿರಿವಂತನು ಅದನ್ನು ತೆತ್ತು ಮನೆಯಲ್ಲಿ ಕುಳಿತಾನು. ಕೊಯತಾ ಹಿಡಿದವಳಿಗೆ ಮಾತ್ರ ಅದು ಹೊಟ್ಟೆಯ ಪ್ರಶ್ನೆ.

ಹಾಗೆಂದು ಮತ ಹಾಕದಿರುವುದೂ ಸ್ವಾತಂತ್ರ್ಯವೆಂದು ಅಂದು ವಾದಿಸಿದ ನನ್ನ ಮಿತ್ರರ ಪಕ್ಷವನ್ನೂ ನಾನು ಸೇರಲಾರೆನು. ಯಾರೂ ಬೇಡವೆನ್ನುವವರಿಗೆ 2013ರಿಂದ “ನೋಟಾ” ಗುಂಡಿ ಇದೆ, ಬಂದು ಅದನ್ನೊತ್ತಲಿ. ಸ್ಥಳಿಕ ಸಂಸ್ಥೆಗಳಿಗೆ ಮತದಾನವನ್ನು ಕಡ್ಡಾಯ ಮಾಡಿದ ಗುಜರಾತದ ಕಾಯದೆಗೆ 2015ರಲ್ಲಿ ಅಲ್ಲಿಯ ಹೈಕೋರ್ಟು ತಡೆಯಾಜ್ಞೆ ಕೊಟ್ಟಿತು. ಅದರ ಮೇಲೆ ವಾದ ಹೇಗೂ ನಡೆಯಲಿ, ನನ್ನ ಬಿನ್ನಹ ಇಷ್ಟೇ: ಕಡ್ಡಾಯವು ಮೊದಲು ಸರಕಾರಕ್ಕಿರಲಿ. ಕಬ್ಬಿನ ಹೊಲದಲ್ಲಿದ್ದವಳ ಬಳಿಗೆ ಅವಳ ಮತಪೆಟ್ಟಿಗೆ ಬರಲಿ. ಅಷ್ಟಾದ ಮೇಲೆ ದಂಡದ ಮಾತನ್ನೆತ್ತಲಿ. ಆಗ ನಾನು ಮತ್ತೆ ಅದೇ ವೇದಿಕೆಯ ಮೇಲೆ ಪರವಾಗಿ ನಿಲ್ಲುವೆನು.